ಬಾಗಿಲು ತೆಗೆದವರು ಯಾರು, ಮಾವ?

ಕುರಿಗೂ ಕತೆಗೂ ಒಡೆಯನಾಗಿದ್ದ ನನ್ನ ಮಾವನಿಗೆ,

ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಅಲ್ಲಿ ಓದಿದವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಅವರ ಕೈಗೆ ಕೊಟ್ಟು ಓದಿಸಿಕೋ. ಹೂಂಗುಟ್ಟಬೇಕಾದವನು ಈ ಸಲ ನೀನು, ಮರೆಯಬೇಡ. ಸುದ್ದಿ ಏನೆಂದರೆ, ನನ್ನ ಪುಸ್ತಕ ಬಂದು ಒಂದು ವರ್ಷವಾಯಿತು. ಮೆಟ್ಟೂರು ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು, ಊರವರ ಆಧಾರ್ ಕಾರ್ಡುಗಳ ನಡುವೆ ಬಿಡುವು ಮಾಡಿಕೊಂಡು ಟೈಪು ಮಾಡುತ್ತಿದ್ದೆನಲ್ಲ, ಅದೇ. ಇನ್ನೂ ಬಾರದ ಕಾಲದ ಕತೆಗಳು. ಹಾರುವ ಕುರಿಗಳು, ಚಂದ್ರನ ಮೇಲಿನ ಹುಲ್ಲುಗಾವಲು, ಹೀಗೆ. ಆದರೆ ಈ ವರ್ಷವಿಡೀ ನಿನ್ನನ್ನು ಒಂದೇ ಒಂದು ಮಾತು ಕೇಳಬೇಕೆಂದು ಚಡಪಡಿಸಿದ್ದೇನೆ. ಆ ಬಾಗಿಲು ತೆಗೆದವರು ಯಾರು?

ನೆನಪಿದೆಯಾ, ಸಂಜೆ ಕುರಿಗಳನ್ನು ಹಟ್ಟಿಗೆ ಕೂಡಿ ಕಂಬಳಿ ಹಾಸಿ ಕೂತೊಡನೆ ನೀನು ಮೊದಲು ಹುಡುಕುತ್ತಿದ್ದದ್ದು ನನ್ನನ್ನು. "ಬಾರಮ್ಮಿ ಮಾದಿ, ಊಂ ಅನ್ನು ಬಾ. ಊಂ ಅನ್ನೋರಿಲ್ದಿದ್ರೆ ಕತೆ ಎಂಗೆ ನಡೀತದೆ? ಮುಂದ್ಲ ಕುರಿ ನಿಂತ್ರೆ ಇಂಡೆಲ್ಲಾ ನಿಂತಂಗೆ." ಆ ಕೆಲಸಕ್ಕೆ ಮೊದಲು ನೀನು ಅತ್ತೆಯನ್ನೇ ಕರೆದಿದ್ದೆಯಂತೆ. ಅವಳು ಕೊಟ್ಟ ಉತ್ತರ ಊರಿಗೆಲ್ಲ ಗೊತ್ತು. "ಒಂದು ದಪ ಊಂ ಅಂದಿದ್ಕೇ ತಾಳಿ ಕಟ್ಟಿ ಕರ್ಕೊಂಡು ಬಂದೆ. ಇನ್ನೊಂದು ದಪ ಅನ್ನಾಕೆ ನಂಗೇನು ತಲೆ ಕೆಟ್ಟೈತಾ? ಪೋದುಂ, ಸಾಕು ಓಗು." ಹೀಗೆ ನಿನ್ನ ಕತೆಗಳಿಗೆ ಹೂಂಗುಟ್ಟುವ ಪದವಿ ನನಗೆ ಬಂತು. ಅದಕ್ಕಿಂತ ದೊಡ್ಡ ಪದವಿ ಆಮೇಲೆ ಯಾವ ಕಾಲೇಜೂ ಕೊಡಲಿಲ್ಲ.

ಮೆಟ್ಟೂರು ಡ್ಯಾಮಿನ ನೀರು ಇಳಿದು, ಡ್ಯಾಮು ಕಟ್ಟಿದಾಗ ಊರಿನೊಂದಿಗೆ ಮುಳುಗಿದ ಗುಡಿಯ ಬಸವನ ಕೊಂಬು ಕಂಡಾಗಲೆಲ್ಲ ನಿನ್ನ ಬಾಯಲ್ಲಿ ಒಂದೇ ಕತೆ. ಒಂದು ಟಗರಿನ ಹಿಂದೆ ಹಿಂಡು ಹಿಂಡೇ ನೀರಿಗೆ ಇಳಿಯುತ್ತದೆ. ಕುರುಬನೂ ಹಿಂದೆಯೇ ಇಳಿಯುತ್ತಾನೆ. ತಳದಲ್ಲಿ ಹಳೆಯ ಊರು. ಅದೇ ಬೀದಿ, ಅದೇ ಜಗಲಿ, ಒಂದು ಮನೆಯಲ್ಲಿ ಮಾತ್ರ ದೀಪ. ಅವನು ಬಾಗಿಲು ಬಡಿಯುತ್ತಾನೆ. ಒಳಗಿನಿಂದ "ಯಾರು?" ಎಂದು ದನಿ ಬರುತ್ತದೆ. ಅಷ್ಟರಲ್ಲಿ ನಮ್ಮ ಮನೆಯೊಳಗಿನಿಂದ ಅತ್ತೆಯ ಕೂಗು: "ಮುದ್ದೆ ಆರೋಗ್ತೈತೆ, ಬಾ!" ನೀನು ಕಂಬಳಿ ಕೊಡವಿ ಎದ್ದುಬಿಡುತ್ತಿದ್ದೆ. ಮಾರನೆಯ ಸಂಜೆ ಮತ್ತೆ ಟಗರಿನಿಂದ ಶುರು. ಅತ್ತೆಯನ್ನು ಎಷ್ಟು ಸಲ ಮನಸ್ಸಿನಲ್ಲೇ ಬೈದುಕೊಂಡಿಲ್ಲ ನಾನು! ಆ ಹಾಳು ಮುದ್ದೆ ಸ್ವಲ್ಪ ಆರಿದರೆ ಏನಾಗುತ್ತಿತ್ತು? ಹಬ್ಬದ ದಿನ ಅನ್ನ ಪಾಯಸ ಮಾಡಿದ್ದರೂ ಅವಳು ಕೂಗುತ್ತಿದ್ದದ್ದು ಮುದ್ದೆ ಎಂದೇ. ಬಾಯಿಗೆ ಕೂತ ರೂಢಿ ಅಂದುಕೊಂಡಿದ್ದೆ. ಸೇಲಂ ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ ಕೊನೆಗೂ ಕೇಳಿದೆನಲ್ಲ, ಬಾಗಿಲು ತೆಗೆದವರು ಯಾರು ಮಾವ ಎಂದು? ನೀನು ನಕ್ಕು, "ನಿಮ್ಮತ್ತೇನ ಕೇಳು" ಅಂದೆ. ಸಾಯುವಾಗಲೂ ತಮಾಷೆ ಬಿಡಲಿಲ್ಲವಲ್ಲ ಎಂದು ನಾನೂ ನಕ್ಕೆ.

ಮಾದಪ್ಪನ ಬೆಟ್ಟದಿಂದ ನೀನು ವರ್ಷವರ್ಷ ತರುತ್ತಿದ್ದ ಕ್ಯಾಲೆಂಡರಿನಲ್ಲಿ ಕನ್ನಡ ಅಕ್ಷರ ಕಲಿತವಳು ನಾನು. ಮೊದಲ ಸಾಲು ಭಾನುವಾರವೇ ಇರಬೇಕು, ಎರಡನೆಯದು ಸೋಮವಾರವೇ ಎಂದು ಊಹಿಸಿ ಊಹಿಸಿ ಓದಿದ್ದು. ಅಂಥವಳ ಬರಹ ಯಾರಿಗೆ ಬೇಕು ಅಂದುಕೊಳ್ಳುತ್ತಲೇ ಒಂದು ಪತ್ರಿಕೆಗೆ ಕತೆ ಕಳಿಸಿದ್ದೆ. ಸಂಪಾದಕರು ಫೋನು ಮಾಡಿ ಮರ್ಯಾದೆಯಿಂದಲೇ ಹೇಳಿದರು, "ನೋಡಿಯಮ್ಮಾ, ಕುರಿಗಳು ಚಂದ್ರನ ಮೇಲೆ ಮೇಯುವುದನ್ನು ಒಪ್ಪಬಹುದು. ಆದರೆ ತಮಿಳುನಾಡಿನ ಕುರಿಗಳು ಕನ್ನಡ ಮಾತಾಡುವುದು ಸಹಜ ಅನ್ನಿಸುವುದಿಲ್ಲ." ನಾನು, "ಅವುಗಳ ಹತ್ತಿರ ನಾವು ಬೇರೆ ಯಾವ ಭಾಷೆಯಲ್ಲೂ ಮಾತಾಡಿಲ್ಲವಲ್ಲ ಸಾರ್" ಅಂದೆ. ಅವರು ಫೋನು ಇಟ್ಟರು. ಕುರಿಗಳಾದರೂ ಪೂರ್ತಿ ಕೇಳಿಸಿಕೊಳ್ಳುತ್ತವೆ.

ಮೈಸೂರಿನ ಪ್ರಕಾಶಕರೊಬ್ಬರು ಮಾತ್ರ ಎಲ್ಲ ಕತೆಗಳನ್ನೂ ಕೇಳಿ ತರಿಸಿಕೊಂಡರು. ವಾರ ಬಿಟ್ಟು ಫೋನು ಬಂತು. "ಎಲ್ಲಾ ಚೆನ್ನಾಗಿದೆ. ಆದರೆ ಪ್ರತಿ ಪ್ಯಾರಾ ಕೊನೆಯಲ್ಲೂ ಹೂಂ, ಹೂಂ ಅಂತ ಇದೆಯಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಏನಾದರೂ ತೊಂದರೆಯೇ?" ಮಾವ, ನಾನು ಅದನ್ನು ಬೇಕೆಂದೇ ಹಾಕಿದ್ದೆ! ಪುಸ್ತಕವನ್ನು ಒಬ್ಬರೇ ಕೂತು ಓದುತ್ತಾರೆ, ಹೂಂ ಅನ್ನುವವರು ಯಾರೂ ಇರುವುದಿಲ್ಲ, ಕತೆ ನಿಂತುಹೋದರೆ ಏನು ಗತಿ ಎಂದು ನಾನೇ ಟೈಪು ಮಾಡಿ ಕೊಟ್ಟಿದ್ದೆ. ಅವರು ಬಿದ್ದುಬಿದ್ದು ನಕ್ಕರು. ನಕ್ಕು ಎಲ್ಲವನ್ನೂ ತೆಗೆದುಹಾಕಿದರು. ಪುಸ್ತಕ ತೆಳ್ಳಗಾಯಿತು.

ಆಮೇಲೆ ನಿನ್ನ ಕತೆಗೆ ಬಂದರು. "ಮುಳುಗಿದ ಊರಿನದು ಬಹಳ ಒಳ್ಳೆಯ ಕತೆ. ಆದರೆ ಮುಕ್ತಾಯವೇ ಇಲ್ಲವಲ್ಲ?" ನಮ್ಮ ಮಾವ ಅಲ್ಲಿಗೇ ಊಟಕ್ಕೆ ಏಳುತ್ತಿದ್ದರು ಎಂದು ಹೇಗೆ ಹೇಳಲಿ? ಕತೆಯನ್ನು ನೂರು ವರ್ಷ ಮುಂದಕ್ಕೆ ತಳ್ಳಿ, ಕುರುಬನ ಕೈಗೆ ಏನೇನೋ ಯಂತ್ರ ಕೊಟ್ಟು, ಒಂದು ಮುಕ್ತಾಯ ಹೊಲಿದೆ. ಬಾಗಿಲು ತೆಗೆಯುವವನು ಆ ಕುರುಬನೇ. ಹೊರಗೂ ಅವನೇ, ಒಳಗೂ ಅವನೇ. ಹೊಲಿಗೆ ಬಿಗಿಯಾಗಿಯೇ ಇತ್ತು. ಆದರೂ ಬೇರೆಯವರ ಅಂಗಿ ತೊಟ್ಟ ಹಾಗೆ ಎಲ್ಲೋ ಕಂಕುಳಲ್ಲಿ ಹಿಡಿಯುತ್ತಿತ್ತು.

ಪುಸ್ತಕದ ಬಿಡುಗಡೆ ಸೇಲಂನಲ್ಲಿ, ಹಾಡುಹಗಲು ಹನ್ನೊಂದು ಗಂಟೆಗೆ. ಹಗಲು ಕತೆ ಹೇಳಿದರೆ ಪಯಣ ಹೋದವರು ದಾರಿ ತಪ್ಪುತ್ತಾರೆ ಎಂದು ನೀನು ಎಷ್ಟು ಹೆದರಿಸಿದ್ದೆ! ಮೈಸೂರಿನಿಂದ ಬರಬೇಕಾದ ಮುಖ್ಯ ಅತಿಥಿಗಳ ಕಾರು ಮೆಟ್ಟೂರಿನ ತನಕ ಸರಿಯಾಗಿ ಬಂದು, ಆಮೇಲೆ ಎಡಪ್ಪಾಡಿಗೆ ಹೋಗಿ ಮಗ್ಗದ ಬೀದಿಗಳಲ್ಲಿ ಸುತ್ತಾಡಿತಂತೆ. ಅವರು ಬರುವಷ್ಟರಲ್ಲಿ ವಡೆ ಮುಗಿದಿತ್ತು. ಅತ್ತೆ ಸಭೆಯ ನಡುವೆಯೇ ಗಟ್ಟಿಯಾಗಿ ಅಂದಳು, "ಅಗಲೊತ್ತು ಕತೆ ಏಳ್ಕೊಂಡು ಕುಂತ್ರೆ ಇನ್ನೇನಾಯ್ತದೆ? ಡ್ರೈವರ್ ಪಾವಂ, ಏನು ಮಾಡ್ತಾನೆ." ಅತಿಥಿಗಳು ಮಾತ್ರ ನನ್ನ ಮುಕ್ತಾಯವನ್ನು ಬಹಳ ಹೊಗಳಿದರು. ಕಾಲವೇ ಕಾಲಕ್ಕೆ ಬಾಗಿಲು ತೆರೆಯುತ್ತದೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೋ, ನೀನು ಹಿಂದಿನ ಸಾಲಿನಲ್ಲಿ ಕೂತು ಹೂಂ ಅನ್ನದೆ ಸುಮ್ಮನಿದ್ದೀಯ ಅನ್ನಿಸಿತು.

ಕಳೆದ ತಿಂಗಳು ಪ್ರಕಾಶಕರ ಫೋನು ಬಂತು. ಪ್ರತಿಗಳು ಮುಗಿದಿವೆ, ಮತ್ತೆ ಅಚ್ಚು ಹಾಕುತ್ತೇವೆ, ತಿದ್ದುವುದಿದ್ದರೆ ಈಗಲೇ ಹೇಳಿ ಎಂದರು. ಇದ್ದಬದ್ದ ಚಿಂತೆಯೆಲ್ಲ ಎದ್ದು ಕೂತಿತು. ಈ ಸಲ ತಪ್ಪು ಅಚ್ಚಾದರೆ ನಿನ್ನ ಕತೆ ನನ್ನ ಸುಳ್ಳಿನೊಂದಿಗೇ ಉಳಿದುಬಿಡುತ್ತದೆ. ಸಂಜೆ ನಿನ್ನ ಹಟ್ಟಿಯ ಮುಂದೆ ಕೂತು, ಅಚ್ಚಾದ ಹಾಗೆಯೇ ಗಟ್ಟಿಯಾಗಿ ಓದತೊಡಗಿದೆ, ಎಲ್ಲಾದರೂ ದಾರಿ ಸಿಗುತ್ತದೇನೋ ಎಂದು. ನಿನ್ನ ಮೊಮ್ಮಗಳು ಕವಿತಾ ಪಕ್ಕದಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ತಮಿಳೇ. ಫೋನು ನೋಡುತ್ತಲೇ ನಾನು ನಿಂತಲ್ಲೆಲ್ಲ, "ಅಪ್ಪುರಂ?" ಅನ್ನುತ್ತಿದ್ದಳು. ಆಮೇಲೇನು ಎಂದು ಕೇಳುವುದೂ ಹೂಂ ಅಂದ ಹಾಗೆಯೇ ಅಲ್ಲವೇ? ಟಗರು ಇಳಿಯಿತು, ಕುರುಬ ಇಳಿದ, ದೀಪ ಕಂಡಿತು, ಬಾಗಿಲು ಬಡಿದ. ಒಳಗಿನಿಂದ "ಯಾರು?" ಎಂದು ದನಿ ಬಂತು.

"ಮುದ್ದೆ ಆರೋಗ್ತೈತೆ, ಬಾ!"

ಅತ್ತೆಯ ಕೂಗು, ಅಡುಗೆಮನೆಯಿಂದ. ನನಗೆ ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು. "ಸುಮ್ನಿರತ್ತೆ, ಕತೆ ಮುಗೀಲಿ" ಎಂದು ಮುಂದಕ್ಕೆ ಓದಿ, ಕುರುಬನ ಕೈಯಿಂದಲೇ ಬಾಗಿಲು ತೆಗೆಸಿದೆ. ಅತ್ತೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಇದ್ಯಾವ ಬಾಲ ಅಂಟಿಸಿದ್ದೀಯಮ್ಮಿ? ತನ್ ಮನೇಗೆ ತಾನೇ ಬಂದು ತಾನೇ ಬಾಗ್ಲು ತೆಗುದ್ರೆ, ಊಟಕ್ಕಿಕ್ಕೋರು ಯಾರು?"

"ಮತ್ತೆ ಕೊನೆ ಏನು ಅಂತ ನೀನೇ ಏಳು!"

"ಈಗ್ ತಾನೆ ಏಳುದ್ನಲ್ಲ."

"ಯಾವಾಗ ಏಳುದೆ? ಮುದ್ದೆ ಆರೋಗ್ತೈತೆ ಅಂದೆ, ಅಷ್ಟೇ. ಇವತ್ತು ಮನೇಲಿ ಮುದ್ದೇನೇ ಇಲ್ಲ, ಇಡ್ಲಿ!"

"ಇಡ್ಲಿ ಒಲೆ ಮ್ಯಾಲೈತೆ. ಮುದ್ದೆ ಕತೆಯಾಗೈತೆ."

ಮಾವ, ನಾನು ಪುಸ್ತಕ ಮುಚ್ಚಿದೆ. ಕವಿತಾ ಫೋನು ಕೆಳಗಿಟ್ಟಳು. ಅತ್ತೆ ಜಗಲಿಯ ಮೇಲೆ ಕೂತು ಸಲೀಸಾಗಿ ಹೇಳಿದಳು. ಮೊದಲನೆಯ ದಿನ ಮುದ್ದೆ ನಿಜವಾಗಿಯೂ ಆರುತ್ತಿತ್ತಂತೆ; ಅವಳು ಸುಮ್ಮನೆ ಕೂಗಿದ್ದಂತೆ. ನೀನು ಒಳಗೆ ಬಂದು, "ಏ, ಇದೇ ಕಣೇ ಕೊನೆ. ನಾಳೆಯಿಂದ ಯಾರು ಅಂತಿದ್ದಂಗೆ ಕೂಗು" ಅಂದೆಯಂತೆ. ಮುಳುಗಿದ ಊರಿನಲ್ಲಿ ಆ ಕುರುಬನ ಅವ್ವ ಬಾಗಿಲು ತೆಗೆದು ಆ ಮಾತೇ ಹೇಳುತ್ತಾಳಂತೆ. ಅಂದರೆ ಮಾವ, ಅವಳು ಅಷ್ಟೂ ಸಂಜೆ ಒಲೆಯ ಮುಂದೆ ಕಿವಿ ಕೊಟ್ಟು, ಟಗರಿನಿಂದ ಬಾಗಿಲಿನ ತನಕ ನಿನ್ನ ಕತೆಯನ್ನು ಕೇಳುತ್ತಿದ್ದಳು! ಇಲ್ಲದಿದ್ದರೆ ಅಷ್ಟು ಸರಿಯಾಗಿ ಹೇಗೆ ಕೂಗಲು ಸಾಧ್ಯ? ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ನೀನ್ಯಾವಾಗ ಕೇಳುದೆ?" ಅಂದಳು. ನೀನು ಆಸ್ಪತ್ರೆಯಲ್ಲಿ ಹೇಳಿದ್ದು ತಮಾಷೆಯಲ್ಲ. ಉತ್ತರ.

ಮಾರನೆಯ ದಿನ ಪ್ರಕಾಶಕರಿಗೆ ಫೋನು ಮಾಡಿ, ನನ್ನ ಮುಕ್ತಾಯ ಕಿತ್ತುಹಾಕಿ ಈ ಮಾತು ಹಾಕಿ ಅಂದೆ. "ಇದು ಮುಕ್ತಾಯವೇ ಅಲ್ಲವಲ್ಲ, ಊಟಕ್ಕೆ ಕರೆಯುವುದು" ಅಂದರು. "ಹೌದು ಸಾರ್. ಎಷ್ಟೋ ಕಾಲದಿಂದ ನೀರಿನಡಿ ಕಾದುಕೊಂಡಿರುವ ಅವ್ವ, ಮಗ ಬಾಗಿಲಿಗೆ ಬಂದರೆ ಇನ್ನೇನು ಹೇಳುತ್ತಾಳೆ?" ಆ ಕಡೆ ಹಾಳೆ ತಿರುವಿದ ಸದ್ದು. ಆಮೇಲೆ ಮೆಲ್ಲಗೆ, "ಹೂಂ" ಅಂದರು. ಕತೆಯಿಂದ ಅಷ್ಟೂ ಹೂಂ ಕಿತ್ತುಹಾಕಿದ ಮನುಷ್ಯ, ಮಾವ!

ಹೊಸ ಅಚ್ಚು ಬಂದ ಕೂಡಲೇ ನಿನ್ನ ಕಂಬಳಿ ಹಾಸಿ ಓದುತ್ತೇನೆ, ಹೊತ್ತು ಮುಳುಗಿದ ಮೇಲೆಯೇ. ಅಪ್ಪುರಂ ಅನ್ನುವುದಕ್ಕೆ ಕವಿತಾ ಇದ್ದಾಳೆ. ಕೊನೆಯ ಮಾತನ್ನು ನಾನು ಓದುವುದಿಲ್ಲ, ಅದು ಅಡುಗೆಮನೆಯಿಂದಲೇ ಬರಬೇಕು. ನೀನು ಅಲ್ಲೇ ಎಲ್ಲಾದರೂ ಕೂತು ಹೂಂ… ಇನ್ನೊಂದು ಮುಖ್ಯವಾದ ವಿಷಯ ಇತ್ತು, ಕುರಿಗಳದು, ಆದರೆ ಅತ್ತೆ ಕೂಗುತ್ತಿದ್ದಾಳೆ. ಇವತ್ತು ನಿಜವಾಗಿಯೂ ಮುದ್ದೆ.

ನಿನ್ನ ಮಾದಿ