ಡ್ಯೂಯಿಯ ಪಕ್ಕ ಯಾರೂ ಕೂರಲಿಲ್ಲ

ಕಾಲ್ಡರ್, ಇಂಡಿಯಾನಾ
೨೫ ಆಗಸ್ಟ್ ೧೯೪೯, ಗುರುವಾರ ಬೆಳಿಗ್ಗೆ

ಪ್ರೀತಿಯ ಮಿಲಾ ಅಕ್ಕನಿಗೆ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಎರಡನೆಯದರಲ್ಲಿ ‘ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರೆ’ ಎಂದು ಬೈದಿದ್ದೀಯ. ಬದುಕಿದ್ದೇನೆ. ಎಡಗೈ ಹೆಬ್ಬೆರಳು ಮತ್ತೆ ಉಳುಕಿದೆ, ಆದರೆ ಕ್ಯಾಚರ್ ಆದವನಿಗೆ ಅದು ನೆಗಡಿ ಬಂದ ಹಾಗೆ, ಅದಕ್ಕೆ ಯಾರೂ ಅಯ್ಯೋ ಎನ್ನುವುದಿಲ್ಲ. ತಡಮಾಡಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ತಿಂಗಳ ಮೊದಲ ಎರಡು ವಾರ ಪರವೂರುಗಳ ಆಟ, ಬಸ್ಸಿನಲ್ಲೇ ಬದುಕು. ತೊಡೆಯ ಮೇಲೆ ಕಾಗದ ಇಟ್ಟರೆ ಅಕ್ಷರ ಕುಣಿಯುತ್ತಿತ್ತು. ಈ ವಾರ ಮೇಜೂ ಇತ್ತು, ಬಿಡುವೂ ಇತ್ತು, ಆದರೂ ಬರೆಯಲಾಗಲಿಲ್ಲ. ಯಾಕೆಂದು ಹೇಳುತ್ತೇನೆ.

ನೀನು ಬೇಯಿಸಿ ಕಳಿಸಿದ ಪ್ಲಮ್ ಹಣ್ಣಿನ ಕೊಲಾಚೆ ಬನ್ನುಗಳಲ್ಲಿ ನನ್ನ ಪಾಲಿಗೆ ಬಂದದ್ದು ಎರಡೇ. ಉಳಿದದ್ದೆಲ್ಲ ನನ್ನ ಕೋಣೆಯ ಜೊತೆಗಾರ ಡ್ಯೂಯಿ ಟ್ಯಾಕೆಟ್‌ನ ಹೊಟ್ಟೆಗೆ ಹೋಯಿತು. ಅವನ ವಿಷಯ ಹಿಂದೆ ಬರೆದಿದ್ದೆ, ಕೆಂಟಕಿಯ ಗುಡ್ಡದ ಹುಡುಗ, ಹತ್ತೊಂಬತ್ತು ವರ್ಷ, ನಮ್ಮ ತಂಡದ ಎಡಗೈ ಪಿಚರ್. ತಿಂದಾದ ಮೇಲೆ ಖಾಲಿ ಡಬ್ಬಿಯನ್ನು ಮೂಸಿ ನೋಡಿ, “ನಿಮ್ಮಕ್ಕಂಗೆ ಮದುವೆ ಆಗಿದ್ಯಾ?” ಅಂತ ಕೇಳಿದ. ಆಗಿದೆ, ಎರಡು ಮಕ್ಕಳಿವೆ ಎಂದೆ. “ಹಂಗಾದ್ರೆ ಮಕ್ಕಳು ದೊಡ್ಡೋರಾಗೋ ತಂಕ ಕಾಯ್ತೀನಿ ಬಿಡು” ಅಂದ. ಅಂಥವನು.

ಅಕ್ಕಾ, ನಿನಗೆ ಬೇಸ್‌ಬಾಲ್ ತಿಳಿಯದು, ತಿಳಿಯಬೇಕೆಂದೂ ಇಲ್ಲ. ಇಷ್ಟು ತಿಳಿದರೆ ಸಾಕು. ಪಿಚರ್ ಎಸೆಯುತ್ತಾನೆ, ಎದುರಾಳಿ ಬ್ಯಾಟು ಬೀಸುತ್ತಾನೆ, ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು ನಾನು. ಯಾವ ಚೆಂಡು ಎಸೆಯಬೇಕೆಂದು ಬೆರಳು ಸನ್ನೆ ಮಾಡಿ ಹೇಳುವವನೂ ನಾನೇ. ಹೊಡೆದವನು ಮೂರು ಬೇಸು ಸುತ್ತಿ ನನ್ನ ಬಳಿಗೆ ಮರಳಿದರೆ ಒಂದು ರನ್, ಹೀಗೆ ಒಂಬತ್ತು ಇನ್ನಿಂಗ್ಸ್. ಡ್ಯೂಯಿಯ ತಿರುವು ಚೆಂಡು ನೇರವಾಗಿ ಬಂದು, ಮೇಜಿನ ಅಂಚಿನಿಂದ ಬಟ್ಟಲು ಜಾರಿದ ಹಾಗೆ ತಟ್ಟನೆ ಕೆಳಗಿಳಿಯುತ್ತದೆ. ನಮ್ಮದು ದೇಶದ ಲೀಗುಗಳಲ್ಲೆಲ್ಲ ಅತ್ಯಂತ ಕೆಳಗಿನದು. ಇಲ್ಲಿ ಅಂಥ ಚೆಂಡನ್ನು ಯಾರೂ ಕಂಡಿರಲಿಲ್ಲ. ನಮ್ಮ ಮ್ಯಾನೇಜರ್ ಮುದುಕ ಪ್ರೂಯಿಟ್ ಸ್ವತಃ ಹಳೆಯ ಪಿಚರ್, ಇಪ್ಪತ್ತಮೂರನೇ ವಯಸ್ಸಿಗೇ ಎಸೆಯುವ ಕೈ ಕೆಟ್ಟು ಆಟ ಬಿಟ್ಟವನು. ವಸಂತದಲ್ಲೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ, “ಹುಡುಗನ ಕೈ ಸುಸ್ತಾದ್ರೆ ಅವನು ಬಾಯಿ ಬಿಡಲ್ಲ. ನಂಗೂ ಬೆಂಚಿನಿಂದ ಕಾಣಲ್ಲ. ನಿನ್ನ ಗ್ಲೋವಿಗೆ ಗೊತ್ತಾಗುತ್ತೆ. ನಂಗೊಂದು ಮಾತು ಹೇಳು, ಎಳ್ಕೊಂಡ್ ಬಂದ್ಬಿಡ್ತೀನಿ.”

ಇನ್ನು ನನ್ನ ವಿಷಯ. ನಿನ್ನ ತಮ್ಮನಿಗೆ ಇಲ್ಲಿ ಪಾದ್ರಿ ಎಂದು ಹೆಸರು. ಗಾಜಿನ ಕಾರ್ಖಾನೆಯ ಕಾರ್ಮಿಕರ ಸಂಘದಲ್ಲಿ ಬಿಟ್ಟಿಯಾಗಿ ಸಿಗುವ ಕಿರುಹೊತ್ತಗೆಗಳನ್ನು ತಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಓದುತ್ತೇನೆ. ಮೂರನೇ ಬೇಸ್ ಕಾಯುವ ಟ್ರೆಂಬ್ಲೆ ದಿನಾ ಕೇಳುತ್ತಾನೆ, “ಪಾದ್ರಿಗಳೇ, ಇವತ್ತು ಯಾವ ಅಧ್ಯಾಯ?” ಕೇಳಲಿ. ನಾನು ಓದಿದ್ದರಲ್ಲಿ ಒಂದು ಮಾತು ನನ್ನ ಎಲುಬಿಗೆ ಇಳಿದಿದೆ. ಮಾಲೀಕನಿಗೆ ಯಂತ್ರ ಕೆಟ್ಟರೆ ದುಃಖ, ಏಕೆಂದರೆ ಅದನ್ನು ಕೊಂಡು ತರಬೇಕು. ಮನುಷ್ಯ ಕೆಟ್ಟರೆ ಇಲ್ಲ, ಏಕೆಂದರೆ ಬಾಗಿಲಾಚೆ ಇನ್ನೊಬ್ಬ ನಿಂತಿರುತ್ತಾನೆ. ಅಪ್ಪನ ಗರಗಸದ ಕಥೆಯನ್ನು ತಂಡದಲ್ಲಿ ಎಲ್ಲರಿಗೂ ಹೇಳಿದ್ದೇನೆ. ಹಲಗೆ ಕೊಯ್ಯುವಾಗ ಗರಗಸ ಬೇರೆ ಸದ್ದು ಮಾಡುತ್ತಿದೆ ಎಂದು ಅಪ್ಪ ಹೇಳಿದ್ದು, ಮೇಸ್ತ್ರಿ ಅದನ್ನು ತಾನೂ ಕೇಳಿಸಿಕೊಂಡು “ಈ ಪಾಳಿ ಒಂದು ಮುಗಿಸ್ಬಿಡು” ಎಂದದ್ದು, ಆಮೇಲೆ ಮೂರು ಬೆರಳು. ಆ ಮೇಸ್ತ್ರಿಯನ್ನು ಸಾಯುವ ತನಕ ಕ್ಷಮಿಸುವುದಿಲ್ಲ ಎಂದು ಹೇಳಿಯೇ ಪ್ರತಿ ಸಲ ಕಥೆ ಮುಗಿಸುತ್ತಿದ್ದೆ.

ಜುಲೈನಲ್ಲಿ ನಾನೊಂದು ಮನವಿ ಬರೆದೆ. ಎರಡೇ ಬೇಡಿಕೆ. ಆಟ ನಡೆಯುವಾಗ ಮೈದಾನದಲ್ಲಿ ಒಬ್ಬ ಡಾಕ್ಟರ್ ಇರಬೇಕು. ಆಟದಲ್ಲಿ ಪೆಟ್ಟಾದವನನ್ನು ಗುಣವಾಗುವ ತನಕ ತಂಡದಿಂದ ತೆಗೆಯಬಾರದು. ಹದಿನೈದು ಆಟಗಾರರಲ್ಲಿ ನನ್ನ ಕಾಗದದ ಮೇಲೆ ಇದ್ದವು ಐದು ಸಹಿ. ಮೊದಲ ಸಹಿ ಡ್ಯೂಯಿಯದು. ಅವನು ಓದಿಯೂ ನೋಡಲಿಲ್ಲ, “ನೀನು ಬರ್ದಿದ್ದಲ್ವಾ, ತಪ್ಪಿರಲ್ಲ” ಎಂದು ಸಹಿ ಹಾಕಿ ಮಲಗಿದ. ಉಳಿದವರು ನಕ್ಕರು, ಇಲ್ಲವೇ ಹೆದರಿದರು. ಪಾದ್ರಿಯ ಮಾತಿಗೆ ಮಾಲೀಕ ಲಾಂಗ್‌ಎಕರ್ ಕಿವಿಗೊಡುವವನಲ್ಲ, ಅದು ನನಗೆ ಗೊತ್ತಿತ್ತು. ಆದರೆ ಪತ್ರಿಕೆಯ ಮೊದಲ ಪುಟದಲ್ಲಿ ಡ್ಯೂಯಿ ಟ್ಯಾಕೆಟ್ ಎಂಬ ಹೆಸರು ಬಂದ ಮರುದಿನ ಅದೇ ಹೆಸರಿನ ಸಹಿ ಅವನ ಮೇಜಿನ ಮೇಲೆ ಬಿದ್ದರೆ?

ಶನಿವಾರ ಮಧ್ಯಾಹ್ನ ಆ ದಿನ ಬಂತು ಎಂದೇ ಅಂದುಕೊಂಡೆ. ಆಷ್ಬಿ ಫೋರ್ಕ್ ತಂಡದ ಮೇಲೆ ನಮ್ಮೂರಲ್ಲೇ ಆಟ. ಅಡ್ಡಪಟ್ಟಿ ಟೋಪಿ ಹಾಕಿಕೊಂಡು ದೊಡ್ಡ ಲೀಗಿನಿಂದ ಆಟಗಾರರನ್ನು ಆರಿಸಲು ಬಂದವನೊಬ್ಬ ಪ್ರೇಕ್ಷಕರ ಮರದ ಮೆಟ್ಟಿಲುಗಳ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ನಾಲ್ಕನೇ ಇನ್ನಿಂಗ್ಸಿನ ಹೊತ್ತಿಗೆ ಅವನು ಸುಲಿಯುವುದನ್ನು ಬಿಟ್ಟು ಬರೆದುಕೊಳ್ಳತೊಡಗಿದ. ಆರನೇ ಇನ್ನಿಂಗ್ಸ್ ಮುಗಿದರೂ ಡ್ಯೂಯಿ ಅವರಿಗೆ ಒಂದೇ ಒಂದು ಹಿಟ್ ಬಿಟ್ಟುಕೊಟ್ಟಿರಲಿಲ್ಲ, ಅಂದರೆ ಅವನ ಚೆಂಡನ್ನು ಹೊಡೆದು ಯಾರೂ ಬೇಸು ಮುಟ್ಟಿರಲಿಲ್ಲ. ನಾವೂ ರನ್ ಗಳಿಸಿರಲಿಲ್ಲ, ಅದು ಬೇರೆ ಮಾತು.

ಇಲ್ಲಿ ಒಂದು ಪದ್ಧತಿ ಇದೆ. ಪಿಚರ್ ಹೀಗೆ ಒಂದೂ ಹಿಟ್ ಕೊಡದೆ ಆಟ ಸಾಗಿಸುತ್ತಿದ್ದರೆ, ತಂಡದವರು ಅವನ ಜೊತೆ ಮಾತಾಡುವಂತಿಲ್ಲ. ಪಕ್ಕದಲ್ಲಿ ಕೂರುವಂತಿಲ್ಲ, ನೀರಿನ ಸೌಟನ್ನೂ ಕೈಗೆ ಕೊಡುವಂತಿಲ್ಲ. ಮಾತಾಡಿದರೆ ಅದೃಷ್ಟ ಒಡೆಯುತ್ತದಂತೆ. ದೊಡ್ಡ ದೊಡ್ಡ ಗಂಡಸರು ಇದನ್ನು ಬೈಬಲ್ಲಿನ ಹಾಗೆ ಪಾಲಿಸುತ್ತಾರೆ. ಆರನೇ ಇನ್ನಿಂಗ್ಸ್ ಆದ ಮೇಲೆ ಡ್ಯೂಯಿ ಬೆಂಚಿನ ತುದಿಗೆ ಬಂದು ಕೂತ, ಉಳಿದ ನಾವೆಲ್ಲ ಇನ್ನೊಂದು ತುದಿಯಲ್ಲಿ ಒತ್ತಿಕೊಂಡು ಕೂತೆವು. ನಡುವೆ ಎರಡು ಮಾರು ಖಾಲಿ ಹಲಗೆ. ಅವನು ಒಂದು ಸಲ ಟ್ರೆಂಬ್ಲೆಯ ಕಡೆ ತಿರುಗಿ ಬಾಯಿ ತೆರೆದ. ಟ್ರೆಂಬ್ಲೆ ಎದ್ದು ಶೂ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದ. ಪ್ರೂಯಿಟ್ ಮುದುಕ ಕೂಡ ಆಕಾಶ ನೋಡುತ್ತಿದ್ದ. ನನಗೆ ಮೈ ಉರಿಯಿತು. ಒಬ್ಬ ಮನುಷ್ಯ ಚೆನ್ನಾಗಿ ಕೆಲಸ ಮಾಡುತ್ತಿದ್ದಾನೆ ಎಂಬ ಕಾರಣಕ್ಕೇ ಅವನಿಗೆ ಬಹಿಷ್ಕಾರ. ಏಳನೇ ಇನ್ನಿಂಗ್ಸ್ ಮುಗಿದಾಗ ನಾನು ಎಲ್ಲರ ಎದುರೇ ಆ ಖಾಲಿ ಹಲಗೆ ದಾಟಿ ಹೋಗಿ ಅವನ ಪಕ್ಕ ಕೂತು ಎರಡು ಮಾತಾಡಿ ಬಂದೆ. ಟ್ರೆಂಬ್ಲೆ ತಲೆ ಮೇಲೆ ಕೈ ಹೊತ್ತುಕೊಂಡ.

ಎಂಟನೇದೂ ದಾಟಿತು. ಒಂಬತ್ತರಲ್ಲಿ ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಆಯಿತು. ಆಗ ಡ್ಯೂಯಿ ನಾಲ್ಕು ಚೆಂಡು ಸಾಲಾಗಿ ಅಗಲಕ್ಕೆ ಎಸೆದು, ನಿಯಮದಂತೆ ಒಬ್ಬನನ್ನು ಬಿಟ್ಟಿಯಾಗಿ ಮೊದಲ ಬೇಸಿಗೆ ಕಳಿಸಿದ. ಮುಂದಿನವನಿಗೆ ನಾನು ತಿರುವು ಚೆಂಡು ಕೇಳಿದೆ. ಚೆಂಡು ಬಂತು, ಇಳಿಯಲಿಲ್ಲ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ನಿಂತಿತು. ಅವನು ಅದನ್ನು ಬಲಮೂಲೆಯ ಬೇಲಿಗೆ ಹೊಡೆದ, ಮೊದಲ ಬೇಸಿನವನು ಓಡಿ ಬಂದು ನನ್ನ ಕಾಲ ಬುಡದಲ್ಲೇ ಜಾರಿ ರನ್ ಗಳಿಸಿದ. ತಲೆಯೆತ್ತಿ ನೋಡಿದರೆ ಡ್ಯೂಯಿ ಚೆಂಡು ಹೋದ ಕಡೆ ನೋಡುತ್ತಿರಲಿಲ್ಲ. ಬಲಗೈಯಿಂದ ಎಡ ಮೊಣಕೈಯನ್ನು ಹಿಡಿದುಕೊಂಡು, ಅದು ಬೇರೆ ಯಾರದೋ ವಸ್ತು ಎಂಬಂತೆ ನೋಡುತ್ತಿದ್ದ.

ಪ್ರೂಯಿಟ್ ಓಡಿ ಬಂದ. ಡಾಕ್ಟರ್ ಎಲ್ಲಿಂದ ಬರಬೇಕು? ಸೋಡಾ ಮಾರುವವನ ಬಕೆಟ್ಟಿನಿಂದ ಬಾಟಲಿಗಳನ್ನು ಹೊರಕ್ಕೆಸೆದು ಅದೇ ಮಂಜಿನ ನೀರಿಗೆ ಅವನ ಕೈ ಅದ್ದಿದರು. ಬೇರೊಬ್ಬ ಪಿಚರ್ ಬಂದು ಇನ್ನಿಂಗ್ಸ್ ಮುಗಿಸಿದ. ನಮ್ಮ ಸರದಿಯಲ್ಲಿ ಇಬ್ಬರು ಔಟ್, ಟ್ರೆಂಬ್ಲೆ ಮೂರನೇ ಬೇಸ್ ತನಕ ಬಂದು ನಿಂತಿದ್ದ, ಬ್ಯಾಟು ನನ್ನ ಕೈಯಲ್ಲಿ. ಒಂದು ಸಾಧಾರಣ ಪೆಟ್ಟು ಸಾಕಿತ್ತು. ನಾನು ಚೆಂಡನ್ನು ನೇರ ಮೇಲಕ್ಕೆ ಎತ್ತಿದೆ, ಅವರ ಪಿಚರ್ ಎರಡು ಹೆಜ್ಜೆ ಇಟ್ಟು ಹಿಡಿದ. ಒಂದು–ಸೊನ್ನೆ. ಟೋಪಿಯವನು ಅಷ್ಟರಲ್ಲಿ ಎದ್ದು ಹೋಗಿದ್ದ, ಅವನು ಕೂತಿದ್ದ ಕಡೆ ಕಡಲೆಕಾಯಿ ಸಿಪ್ಪೆ ಮಾತ್ರ ಇತ್ತು.

ಆ ಚೆಂಡು ಕಣ್ಣು ಮುಚ್ಚಿದರೆ ಈಗಲೂ ಮೇಲಕ್ಕೇ ಹೋಗುತ್ತಿದೆ. ನಾನು ಹೊಡೆದಿದ್ದರೆ ಕಡೇಪಕ್ಷ ಅವನ ಹೆಸರಿನಲ್ಲಿ ಸೋಲು ಬರೆಯುತ್ತಿರಲಿಲ್ಲ. ತಂಡದವರು ನನ್ನ ಬ್ಯಾಟನ್ನು ದೂರುತ್ತಿಲ್ಲ, ಬಾಯನ್ನು ದೂರುತ್ತಾರೆ. “ಸೋಲ್ಸಿದ್ದು ನಿನ್ ನಾಲಿಗೆ ಕಣೋ ಪಾದ್ರಿ,” ಎಂದ ಟ್ರೆಂಬ್ಲೆ. “ಅವನ ಹತ್ರ ಹೋಗಿ ಕೂತ್ಯಲ್ಲ, ಆವಾಗ್ಲೇ ಮುಗೀತು.” ಮೂಢನಂಬಿಕೆ ಎಂದೆ. ಅವನು ಕಾಲ ಬುಡಕ್ಕೆ ಉಗಿದು ಹೋದ.

ಭಾನುವಾರ ಡ್ಯೂಯಿಯನ್ನು ಡಾಕ್ಟರರ ಮನೆಗೆ ನಾನೇ ಕರೆದುಕೊಂಡು ಹೋದೆ. ಮೊಣಕೈಯ ಸ್ನಾಯು ಹರಿದಿದೆಯಂತೆ. ಬಕೆಟ್ ಎತ್ತಬಹುದು, ಹಸು ಕರೆಯಬಹುದು, ಎಸೆಯುವುದು ಮುಗಿಯಿತು. ಸೋಮವಾರ ಬೆಳಿಗ್ಗೆ ಲಾಂಗ್‌ಎಕರ್‌ನ ಗುಮಾಸ್ತ ತಂಡದಿಂದ ತೆಗೆದ ಚೀಟಿಯನ್ನೂ ಬಸ್ಸಿನ ಟಿಕೆಟನ್ನೂ ಒಂದೇ ಲಕೋಟೆಯಲ್ಲಿ ಕೊಟ್ಟ. ಮಾಲೀಕ ಮುಖವನ್ನೂ ತೋರಿಸಲಿಲ್ಲ. ನೋಡಿದೆಯಾ ಅಕ್ಕಾ, ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿತ್ತೇ?

ಮಂಗಳವಾರ ಅವನನ್ನು ಬಸ್ಸು ಹತ್ತಿಸಿದೆ. ಪೆಟ್ಟಿಗೆ ನಾನು ಹೊತ್ತೆ. ಊರಲ್ಲಿ ಏನು ಮಾಡುತ್ತೀಯ ಎಂದರೆ, ಮಾವನ ಹೊಗೆಸೊಪ್ಪಿನ ಹೊಲ ಇದೆ, ಬಲಗೈಲಿ ಕುಡುಗೋಲು ಹಿಡಿಯುವುದು ಕಲಿಯಬೇಕು ಎಂದ. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ, “ಎಮಿಲ್, ಆವತ್ತು ನೀನೊಬ್ನೇ ನನ್ ಹತ್ರ ಬಂದು ಮಾತಾಡಿದ್ದು. ಅದನ್ನ ಮರೆಯಲ್ಲ” ಅಂದ.

ಇದೇ ನನ್ನ ಸಮಾಚಾರ. ಸೀಸನ್ನು ಇನ್ನೆರಡು ವಾರ ಇದೆ, ಆಮೇಲೆ ಮನೆಗೆ ಬರುತ್ತೇನೆ. ಭಾವನ ಕೆಮ್ಮು ಇಳಿದಿದೆ ಎಂದು ಬರೆದದ್ದು ನೆಮ್ಮದಿ ತಂದಿತು. ಮಕ್ಕಳಿಗೆ ನನ್ನ ಹಳೆಯ ಗ್ಲೋವು ತರುತ್ತೇನೆಂದು ಹೇಳು. ಅಪ್ಪ ಊಟವಾದ ಮೇಲೆ ಕಾಗದ ಓದಿಸಿಕೊಳ್ಳುವಾಗ ಮಗ ಚೆನ್ನಾಗಿದ್ದಾನೆ ಎಂಬ ಸಾಲನ್ನು ಎರಡು ಸಲ ಓದು. ನಿನ್ನ ಮನೆಯಲ್ಲಿ ಒಲೆ ಬೆಚ್ಚಗಿರಲಿ, ಎಲ್ಲರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ ತಮ್ಮ,
ಎಮಿಲ್ ಹ್ರುಷ್ಕಾ

ಸಹಿ ಹಾಕಿದ ಮೇಲೆ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದಿದ್ದೇನೆ. ಏಳನೇ ಇನ್ನಿಂಗ್ಸಿನಲ್ಲಿ ನನ್ನ ಗ್ಲೋವಿನೊಳಗೆ ಚೆಂಡಿನ ಸದ್ದು ಬದಲಾಯಿತು. ಚಟ್ ಎನ್ನುತ್ತಿದ್ದದ್ದು ಒದ್ದೆ ಬಟ್ಟೆ ಬಿದ್ದ ಹಾಗೆ ಆಯಿತು. ನನಗೆ ಗೊತ್ತಾಯಿತು, ಅದಕ್ಕೇ ಅವನ ಪಕ್ಕ ಹೋದದ್ದು. ಡ್ಯೂಯಿ ಹೇಳಿದ, “ಮೊಣಕೈಯಲ್ಲಿ ಏನೋ ಕಿತ್ಕೊಂಡಂಗಾಯ್ತು. ಮುದುಕಂಗೆ ಹೇಳೋಕೆ ನೋಡ್ದೆ, ಯಾರೂ ನನ್ ಕಡೆ ತಿರುಗ್ತಿಲ್ಲ. ನೀನ್ ಹೇಳ್ತೀಯಾ?” ಪ್ರೂಯಿಟ್ ಹತ್ತು ಹೆಜ್ಜೆ ದೂರದಲ್ಲಿದ್ದ. ಮನವಿಯ ಕಾಗದವನ್ನು ಮಡಿಸಿ ಹಿಂಜೇಬಿನಲ್ಲಿ ಇಟ್ಟುಕೊಂಡಿದ್ದೆ. ನಾನು ಅವನ ಭುಜ ತಟ್ಟಿ, “ಇನ್ನೆರಡೇ ಇನ್ನಿಂಗ್ಸ್, ಮುಗಿಸ್ಬಿಡು” ಎಂದೆ.

ಇದನ್ನು ಅಪ್ಪನಿಗೆ ಓದಬೇಡ ಎಂದು ಬರೆಯಹೊರಟಿದ್ದೆ. ಬೇಡ ಅಕ್ಕಾ, ಓದು. ಅಪ್ಪನಿಗೆ ಆ ಮಾತು ಗುರುತು ಸಿಗುತ್ತದೆ.