ಮನೆಬಣ್ಣ

ಧಾರವಾಡ, ೩೦ ಫೆಬ್ರವರಿ ೨೧೯೪

ಹಳಿಯಾಳದ ಎಮಿಲಿಯಾ ಸಿದ್ದಿ ಅಜ್ಜಿಗೆ ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ಲೊರೆನಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಹೆಚ್ಚುಕಡಿಮೆ ಇದ್ದರೆ ನಮ್ಮ ಕಾಲದವರು ಸಹಿಸುವುದಿಲ್ಲ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕನ್ನಡದಲ್ಲಿ ತಪ್ಪಿರಬಹುದು, ಜೊತೆಗೆ ನೀವು ಕೇಳಿರದ ಪದಗಳೂ ಈ ಪತ್ರದಲ್ಲಿ ಬರುತ್ತವೆ. ಎರಡಕ್ಕೂ ಕ್ಷಮೆಯಿರಲಿ. ಅಜ್ಜಿ, ನನಗೆ ಮದುವೆಯಾಗಿ ಹತ್ತೊಂಬತ್ತು ದಿನ. ಗಂಡನ ಹೆಸರು ಇಂದುಧರ. ನಗುವಾಗ ಅವನ ಎಡಗಣ್ಣು ಮೊದಲು ಮುಚ್ಚುತ್ತದೆ. ಅದೊಂದನ್ನೇ ನಾಲ್ಕು ಪುಟ ಬರೆಯಬಲ್ಲೆ, ಅಷ್ಟು ಹುಚ್ಚು ನನಗೆ.

ಈಗ ಪ್ರತಿ ಮನೆತನಕ್ಕೂ ಒಂದು ಮನೆಬಣ್ಣವಿದೆ. ಗೋಡೆಯದಲ್ಲ, ಮೈಯದು. ಹಿರಿಯರೊಬ್ಬರ ಕೆನ್ನೆಯ ಒಳಗನ್ನು ಹತ್ತಿಯಿಂದ ಒರೆಸಿ ಮದ್ದಿನಂಗಡಿಗೆ ಕೊಟ್ಟರೆ ಬಣ್ಣಮದ್ದು ತಯಾರಿಸಿ ಕೊಡುತ್ತಾರೆ. ಕುಡಿದವರು ವಾರದೊಳಗೆ ಆ ಹಿರಿಯರ ಬಣ್ಣಕ್ಕೆ ತಿರುಗುತ್ತಾರೆ. ಜನ್ಮಕ್ಕೊಂದೇ ಸಲ ಅದು ಮೈಗೆ ಹತ್ತುವುದು, ಹತ್ತಿದರೆ ಹೋಗುವುದಿಲ್ಲ. ಮದುವೆಯ ಹದಿನಾರನೆಯ ದಿನ ಸೊಸೆ ಕುಡಿಯಬೇಕು. ಅವಳೊಬ್ಬಳೇ ಕುಡಿದಳು ಎನಿಸಬಾರದೆಂದು ಅದನ್ನು ಪಾಯಸಕ್ಕೆ ಬೆರೆಸಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅದೇ ಬಣ್ಣದವರಿಗೆ ಅದರಿಂದ ಏನೂ ಆಗುವುದಿಲ್ಲ. ಬಲವಂತ ಮಾಡಿದರು ಎನ್ನಬಾರದೆಂದು ಹತ್ತಿಯನ್ನು ಅಂಗಡಿಗೆ ಸೊಸೆಯೇ ಒಯ್ಯಬೇಕು.

ನಮ್ಮ ಸಿದ್ದಿ ಜನರಲ್ಲಿ ಇದುವರೆಗೆ ನಮ್ಮವರೊಳಗೇ ಮದುವೆ. ಹಾಗಾಗಿ ನಿಮ್ಮ ಕಪ್ಪು ನನ್ನವರೆಗೆ ಒಂದಿಷ್ಟೂ ಮಾಸದೆ ಬಂದಿದೆ. ಈ ಸಂಬಂಧ ಕುದುರಿದಾಗ ಅವ್ವ ಅತ್ತಳು, ಮಗಳು ಕೊನೆಗೂ ಪಾರಾದಳು ಎಂದು. ನಾದಿನಿ ನಾಲ್ಕೂ ಕಡೆಯಿಂದ ನನ್ನ ಚಿತ್ರ ತೆಗೆದು, ಇನ್ನು ಈ ಬಣ್ಣದ ಅತ್ತಿಗೆ ಇರುವುದಿಲ್ಲವೆಂಬಂತೆ 'ಹಳೇ ವೈನಿ' ಎಂದು ಹೆಸರಿಟ್ಟು ನೆಂಟರಿಗೆಲ್ಲ ಕಳಿಸಿದಳು. ಅತ್ತೆ ಈ ಮನೆಯದೇ ತಿಳಿಬಣ್ಣದ ತವರಿನಿಂದ ಬಂದವರು, ಮದ್ದು ಹತ್ತುವುದೆಂದರೆ ಏನೆಂದು ಅವರಿಗೆ ತಿಳಿಯದು. ತಮ್ಮ ಕೆನ್ನೆ ಒರೆಸಿದ ಹತ್ತಿಯ ಡಬ್ಬಿ ಕೊಡುತ್ತ ನನ್ನ ತಲೆ ಸವರಿದರು.

"ಒಂದ್ ವಾರ ಕನ್ನಡಿ ನೋಡಬ್ಯಾಡವಾ. ಆಮ್ಯಾಲೆ ನೋಡು, ಮನುಷ್ಯಾರಂಗ ಕಾಣ್ತೀ."

ಕುಡಿಯದಿದ್ದರೆ ಆಗದೇ ಎಂದು ಇಂದುಧರನನ್ನು ಕೇಳಿದೆ. ಅವನು ಪ್ರೀತಿಯಿಂದಲೇ ಹೇಳಿದ: "ನನಗ ನೀ ಹಿಂಗಿದ್ರೂ ನಡೀತೈತಿ. ಆದ್ರ ದಿನಾ ನೋಡಬೇಕಲ್ಲ."

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅತ್ತೆಯ ಹತ್ತಿಯನ್ನು ಚರಂಡಿಗೆ ಎಸೆದೆ. ಹೊಸ ಹತ್ತಿಯಿಂದ ನನ್ನ ಕೆನ್ನೆಯನ್ನೇ ಒರೆಸಿ ಕೊಟ್ಟೆ. ಹದಿನಾರನೆಯ ದಿನ ಪಾಯಸ ಬಡಿಸಿದವಳೂ ನಾನೇ. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಖುಷಿಯಲ್ಲಿ ನಾನೂ ಎರಡು ಸಲ ಹಾಕಿಕೊಂಡೆ.

ಇವತ್ತಿಗೆ ಮೂರು ದಿನ. ನಾದಿನಿ ಕೋಣೆಯಿಂದ ಹೊರಗೆ ಬಂದಿಲ್ಲ. ಅತ್ತೆ ಮೊಣಕೈವರೆಗೆ ಕಡಲೆಹಿಟ್ಟು ಹಚ್ಚಿ ತಿಕ್ಕಿ ತಿಕ್ಕಿ ಚರ್ಮ ಸುಲಿದುಕೊಂಡಿದ್ದಾರೆ. ಅಂಗಡಿಯವನ ಮೇಲೆ ದೂರು ಕೊಡಲು ಹೊರಟಿದ್ದರು, ಆಗ ನಾನೇ ನಿಜ ಹೇಳಿದೆ. ಅವರು ಬೈಯಲಿಲ್ಲ. ಇದು ಯಾವಾಗ ಹೋಗುತ್ತದೆ ಎಂದಷ್ಟೇ ಕೇಳಿದರು.

"ಹೋಗೂದಿಲ್ರಿ ಅತ್ತಿ," ಎಂದೆ. "ನಾ ಇಪ್ಪತ್ತಾರು ವರ್ಷ ಕಾದೀನಿ, ಹೋಗಿಲ್ಲ."

ಅವರ ಮುಖ ನೋಡಿ ನನಗೆ ಪಾಪವೆನಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಇಂದುಧರ ಜಗಳವಾಡದೆ, ಹೊಸ ಶರ್ಟು ಹಾಕಿದವನಂತೆ ನನ್ನತ್ತ ತಿರುಗಿ, ಹೇಗೆ ಕಾಣುತ್ತೇನೆ ಎಂದ. ಕೈ, ಕುತ್ತಿಗೆ, ಮುಖ, ಎಲ್ಲ ನನ್ನದೇ ಬಣ್ಣ. ಚಂದ ಎಂದೆ. ಆದರೆ ಮೊದಲು ಎಷ್ಟು ಚಂದ ಇದ್ದ ಎಂದಿತು ನನ್ನ ಮನಸ್ಸು. ಕಣ್ಣು ತಟ್ಟೆಗೆ ಹೋಯಿತು. ಅವನು ಅದನ್ನು ನೋಡಿಬಿಟ್ಟ.

ಅಜ್ಜಿ, ನಿಮ್ಮ ಗಂಡನ ಕಪ್ಪು ಮುಖವನ್ನು ನೀವು ಆಸೆಯಿಂದ ನೋಡಿದ್ದೀರಾ? ನೋಡುತ್ತಿದ್ದರೆ ಮಗಳಿಂದ ಮುಚ್ಚಿಡಬೇಡಿ. ಅವಳೆದುರಿಗೇ, ನಾಚದೆ ನೋಡಿ. ಅವಳು ಅದನ್ನು ಕಲಿಯಲಿ, ತನ್ನ ಮಗಳಿಗೆ ಕಲಿಸಲಿ. ನಮ್ಮ ಮನೆಯಲ್ಲಿ, ನನಗೂ ಸೇರಿ, ಯಾರಿಗೂ ಹಾಗೆ ನೋಡಲು ಬರುವುದಿಲ್ಲ. ಇಂದುಧರ ಅನ್ನ ಬಿಟ್ಟು ಎದ್ದು ಹೋಗಿ ಹಿತ್ತಲಿನಲ್ಲಿ ನಿಂತಿದ್ದಾನೆ. ನಾನೀಗ ಅವನ ಬಳಿ ಹೋಗಿ ತಲೆಯೆತ್ತಿ ಮುಖ ನೋಡಬೇಕು.