ಭೂತಾನ್ ಲಾರಿಯ ಹಸಿ ಅಡಿಕೆ

ಸೆಪ್ಟೆಂಬರ್ 27, ಜೈಗಾಂವ್ (ಭೂತಾನ್ ಗಡಿ)

ರಜೆ ಸಿಕ್ಕಿತು! ಮದುವೆಯ ನಂತರದ ಮೊದಲ ದೀಪಾವಳಿ, ಜೋಡಿಯಾಗಿ ಶಿಕಾರಿಪುರಕ್ಕೆ. ಅರುಣ ಕಸ್ಟಮ್ಸ್ ಯೂನಿಫಾರ್ಮ್ ಕೂಡ ಬಿಚ್ಚದೆ ಹೇಳಿದ. ಟಿಕೆಟ್ ಬುಕ್. ಇನ್ನು ಅಪ್ಪ ಕರೆಯಬೇಕು, ಅಷ್ಟೇ. ಮೊದಲ ಹಬ್ಬಕ್ಕೆ ಅವರು ಕರೆಯದೆ ಹೋಗುವ ಹಾಗಿಲ್ಲ.

ಸೆಪ್ಟೆಂಬರ್ 30

ಅರುಣನಿಗೆ ಊಟ ಕೊಡಲು ಕಸ್ಟಮ್ಸ್ ಗೇಟಿಗೆ ಹೋಗಿದ್ದೆ. ಭೂತಾನಿನಿಂದ ಹಸಿ ಅಡಿಕೆಯ ಲಾರಿ ಬಂತು. ಟಾರ್ಪಾಲು ಸರಿಸಿದರು... ಅಡಿಕೆ ತೋಟದಿಂದ ಬಂದ ಅಪ್ಪನ ಅಂಗಿಯ ವಾಸನೆ. ಅದೇ. ಸ್ಕೂಟರಿನಲ್ಲಿ ಅವರ ಬೆನ್ನಿಗೆ ಮುಖ ಒತ್ತಿಕೊಂಡು ಅಂಜನಾಪುರ ಡ್ಯಾಮಿಗೆ ಹೋಗುತ್ತಿದ್ದ ಭಾನುವಾರಗಳು. ಕಣ್ಣು ತುಂಬಿತು. ಲಾರಿಯ ಮುಂದೆ ಅರುಣ ಭೂತಾನಿನ ಆಫೀಸರ್ ಜೊತೆ ಕೈಕುಲುಕುತ್ತಿದ್ದ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ — 'ನಮ್ಮನೆ ವಾಸನೆ'. ಮೂರು ಹಾರ್ಟ್.

ಅಕ್ಟೋಬರ್ 2

ಅಮ್ಮನ ಫೋನ್. "ಏನ್ ಮಾಡಿಟ್ಟೆ ಶಾಲಿನಿ? ನಿನ್ನೆ ಮಂಡೀಲಿ ಎಲ್ರೂ ನೋಡ್ಯಾರೆ. 'ಆನಂದಪ್ಪೋರೆ, ಭೂತಾನ್ ಬಾಗ್ಲು ನಿಮ್ಮ ಅಳಿಯಂದೇ ಅಂತಲ್ರೀ, ನಾಳಿಗೆ ನಮ್ಮ ಅಡಿಕೆ ರೇಟ್ ಎಷ್ಟು ಬೀಳ್ತತಿ, ಕೇಳಿ ಹೇಳ್ರಿ' ಅಂದ್ರಂತೆ. ಮಾಲು ಮಾರದೇ ವಾಪಸ್ ಬಂದ್ರು ನಿಮ್ಮಪ್ಪ."

ಭೂತಾನ್ ಅಡಿಕೆ ಬರುವುದು ಎರಡು ದೇಶಗಳ ಒಪ್ಪಂದದಿಂದ, ಅರುಣ ತರಿಸಿದ್ದಲ್ಲ ಅಂದೆ.

"ನಂಗಲ್ಲ, ಅವ್ರಿಗೆ ಹೇಳು."

ಅಪ್ಪ ಫೋನಿಗೆ ಬರಲಿಲ್ಲ. ಸ್ಟೇಟಸ್ ಆಗಲೇ ತಾನಾಗಿ ಹೋಗಿತ್ತು, ಫೋನಿನಲ್ಲಿದ್ದ ಫೋಟೋ ಅಳಿಸಿದೆ. ಏನು ಪ್ರಯೋಜನ...

ಅಕ್ಟೋಬರ್ 7

ಸೀಗೆ ಹುಣ್ಣಿಮೆ, ಭೂಮಿ ಪೂಜೆಯ ಹಬ್ಬ. ಅರುಣನ ಊರು, ಸೊರಬದ ಉಳವಿಯಿಂದ ಅತ್ತೆಯ ಫೋನ್. "ಎಡೆ ಒಯ್ಯೋ ಬುಟ್ಟಿಗೆ ಚಿತ್ತಾರ ನಾನೇ ಬರ್ದೆ. ಮುಂದಿನ್ವರ್ಷ ನೀ ಬರೀಬೇಕು ಮಾರಾಯ್ತಿ." ನಮ್ಮ ಹೊಲದಲ್ಲಿ ಬೆಳೆಗೆ ಎಡೆಯ ಚರಗ ಚೆಲ್ಲುವಾಗ ಅಪ್ಪ ಮೊದಲ ಹಿಡಿ ನನ್ನ ಕೈಗೇ ಕೊಡುತ್ತಿದ್ದರು. ಇವತ್ತು ಯಾರ ಕೈಗೋ. ಶಿಕಾರಿಪುರದಿಂದ ಫೋನಿಲ್ಲ.

ಅಕ್ಟೋಬರ್ 13

ಭೂತಾನಿನವರೇ ಸುಳಿವು ಕೊಟ್ಟರಂತೆ. ಎರಡೂ ಕಡೆಯವರು ಸೇರಿ ಒಂದು ಲಾರಿ ಹಿಡಿದರು — ಮೇಲೆ ಭೂತಾನಿನ ಹಸಿ ಅಡಿಕೆ, ಅಡಿಯಲ್ಲಿ ಇನ್ಯಾವುದೋ ದೇಶದಿಂದ ಕದ್ದು ತಂದ ಒಣ ಅಡಿಕೆ. ಹಬ್ಬ ಮುಗಿಯುವವರೆಗೆ ಜಂಟಿ ತಪಾಸಣೆ. ಅರುಣನ ರಜೆ ಕ್ಯಾನ್ಸಲ್.

"ಸಾರಿ ಕಣೇ."

"ಕರೆದಿದ್ರೆ ತಾನೇ ಹೋಗೋದು" ಅಂದೆ. ಇಬ್ಬರೂ ನಗಲಿಲ್ಲ. ಅಮ್ಮನಿಗೆ ಎಲ್ಲ ಹೇಳಿದೆ.

ಅಕ್ಟೋಬರ್ 15, ಬೆಳಿಗ್ಗೆ

ಅಪ್ಪ. ಅಪ್ಪನೇ ಫೋನ್ ಮಾಡಿದರು.

"ಅಳಿಯಂದ್ರಿಗೆ ರಜಾ ಇಲ್ವಂತೆ?"

"ಇಲ್ಲಪ್ಪ."

"ಗೇಟಲ್ಲೇ ಇರ್ಲಿ ಬಿಡು. ಹಬ್ಬದ ಬಟ್ಟೆ ನಿನ್ ಕೈಲೇ ಕಳಸ್ತೀನಿ. ಮಂಡೀಲಿ ಹೇಳಿ ಬಂದೀನಿ — ಹೌದ್ರೀ, ಬಾಗ್ಲು ನಮ್ಮ ಅಳಿಯಂದೇ, ಕಳ್ಳ ಅಡಿಕೆಗೆ ಹಾಕೋ ಚಿಲಕಾನೂ ಅವ್ರದೇ ಅಂತ. ನೀ ಬಾ. ಶಿವಮೊಗ್ಗಕ್ಕೆ ಸ್ಕೂಟರ್ ತರ್ತೀನಿ. ಯಾವತ್ತು, ಯಾವ ಗಾಡಿ?"

ಟಿಕೆಟ್ ತೆಗೆದು ನೋಡಿದೆ. ಹೇಳಿದೆ. ಭಾನುವಾರ ಬೆಳಿಗ್ಗೆ, ತಾಳಗುಪ್ಪ ಎಕ್ಸ್‌ಪ್ರೆಸ್...